ಶಾಪಪೂರ್ವಕವಾಗಿ

ಮಾರ್ಚ್ ೪, ಮಂಗಳವಾರ

ಮಂಗಳವಾರ ಅಂತಲೋ ಏನೋ, ಬೆಳಿಗ್ಗೆಯೇ ಮಂಗಳಾರತಿಯಾಯಿತು. ಹೋದ ವಾರ ನಾನು ಟೈಪ್ ಮಾಡಿದ ಶಪಥಪತ್ರವೊಂದು ಕೋರ್ಟಿನಿಂದ ವಾಪಸ್ ಬಂದಿದೆ. ‘ನಾನು ಶಪಥಪೂರ್ವಕವಾಗಿ ಹೇಳುವುದೇನೆಂದರೆ’ ಅಂತ ಇರಬೇಕಾದ ಕಡೆ ‘ನಾನು ಶಾಪಪೂರ್ವಕವಾಗಿ ಹೇಳುವುದೇನೆಂದರೆ’ ಅಂತ ಹೊಡೆದಿದ್ದೇನೆ. ಹತ್ತೊಂಬತ್ತು ವರ್ಷದಿಂದ ಇದೇ ಮೇಜು, ಇದೇ ಸಾಲು. ಕಣ್ಣು ಮುಚ್ಚಿದರೂ ಬೆರಳು ತಾನಾಗಿ ಹೋಗುತ್ತದೆ. ಹೋದ ವಾರ ಎಲ್ಲಿಗೆ ಹೋಗಿತ್ತೋ.

ನೋಟರಿ ಸಾಹೇಬರು ಕನ್ನಡಕವನ್ನು ಹಣೆಗೇರಿಸಿ, “ಏನಮ್ಮಾ, ಕೋರ್ಟಿಗೇ ಹಿಡಿಶಾಪ ಹಾಕೋಕೆ ಹೊರಟಿದ್ದೀಯಾ?” ಅಂದರು. ಕಕ್ಷಿದಾರ ಬೇರೆ ಎದುರಿಗೇ ಕೂತಿದ್ದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಕ್ಕವರು ಮೇಷ್ಟ್ರು ಒಬ್ಬರೇ. ಎಂಬತ್ತು ದಾಟಿದ ಕನ್ನಡ ಮೇಷ್ಟ್ರು, ಕಿವಿ ಮಂದ, ನಗು ಜೋರು. ಬೈಗುಳದ ಹಳೆಯ ಮಾತುಗಳ ಮೇಲೆ ಒಂದು ಪುಸ್ತಕ ಬರೆಯುತ್ತಿದ್ದಾರೆ. ವಾರಕ್ಕೊಮ್ಮೆ ಕೈಬರಹದ ಹಾಳೆ ತಂದು ನನ್ನ ಮುಂದೆ ಸುರಿಯುತ್ತಾರೆ. ‘ಹಳಿ’ ಆಯಿತು, ‘ಜರೆ’ ಆಯಿತು, ‘ಮೂದಲಿಸು’ ಆಯಿತು. ನಾನು ಬಾಯಿಬಿಟ್ಟು ಒಬ್ಬರನ್ನೂ ಬೈದವಳಲ್ಲ, ನನ್ನ ಬೆರಳು ಮಾತ್ರ ಊರವರನ್ನೆಲ್ಲ ಬೈದು ಮುಗಿಸಿದೆ.

“ತಪ್ಪಲ್ಲಮ್ಮಾ ಅದು,” ಅಂದರು ಮೇಷ್ಟ್ರು. “ನಿನ್ನ ಬೆರಳಿಗೆ ವ್ಯಾಕರಣ ಗೊತ್ತಿದೆ. ಮುಂದಿನ ಹಾಳೆಯಲ್ಲಿ ಅದೇ ಬರುತ್ತೆ, ನೋಡ್ತಿರು.”

ಈ ಡೈರಿಯನ್ನು ಮನೆಗೆ ಒಯ್ಯುವಂತಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಇಲ್ಲೇ ಬರೆದು, ಡ್ರಾಯರಿನಲ್ಲಿ ಹಳೇ ಕಾರ್ಬನ್ ಹಾಳೆಗಳ ಅಡಿ ಇಡುತ್ತೇನೆ. ಮನೆಯಲ್ಲಿ ಅಣ್ಣ ಇದ್ದಾರೆ. ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದವರು. ನಿವೃತ್ತರಾಗಿ ಮೂರು ವರ್ಷವಾದರೂ ಕೆಲಸ ಬಿಟ್ಟಿಲ್ಲ. ಈಗ ಅವರ ಡಿಪೋದಲ್ಲಿ ಉಳಿದಿರುವ ಬಸ್ಸು ನಾನೊಬ್ಬಳೇ. ಆರೂ ಇಪ್ಪತ್ತಕ್ಕೆ ಮನೆ ಸೇರಬೇಕು. ಬಾಗಿಲಿನ ಎದುರು ಕುರ್ಚಿ ಹಾಕಿಕೊಂಡು, ಕೈಗಡಿಯಾರ ನೋಡುತ್ತಾ ಕೂತಿರುತ್ತಾರೆ. ನಾನು ಒಳಗೆ ಬಂದ ಮೇಲೆ ಬೀಗ ಹಾಕಿ ಬೀಗದಕೈಯನ್ನು ಜೇಬಿಗಿಳಿಸುತ್ತಾರೆ. ಇರುವುದು ಒಂದೇ ಬೀಗದಕೈ.

ನನ್ನನ್ನು ಸಾಕಿದವರು ಅವರೇ. ಅದನ್ನು ಮರೆಯಬಾರದು.

ಮಾರ್ಚ್ ೫, ಬುಧವಾರ

ಕೆಳಗಿನ ಮನೆಯ ಟೈಲರಮ್ಮನ ವಿಷಯ ಬರೆದಿಡಬೇಕು. ಫೆಬ್ರವರಿ ೨೩, ಭಾನುವಾರ, ನಮ್ಮಿಬ್ಬರ ಮನೆಗೂ ಸೇರಿದ ಮೆಟ್ಟಿಲಿನ ಮೇಲಿಂದ ಅವರು ಬಿದ್ದರು. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿದೆ. ಅಣ್ಣನೇ ತಳ್ಳಿದರು ಅಂತ ದೂರು ಕೊಟ್ಟಿದ್ದಾರೆ. ಕೋರ್ಟಿಗೆ ಹೋಗಿದೆ.

ಅವರು ಕಾಲು ಜಾರಿ ಬಿದ್ದರು. ಅಷ್ಟೇ.

ನಾನು ಬಾಗಿಲಲ್ಲಿ ನಿಂತಿದ್ದೆ, ಆದ್ದರಿಂದ ಸಾಕ್ಷಿ ನಾನೊಬ್ಬಳೇ. ಇಪ್ಪತ್ತೆಂಟನೇ ತಾರೀಖಿನೊಳಗೆ ನನ್ನ ಶಪಥಪತ್ರ ಕೋರ್ಟಿಗೆ ಹೋಗಬೇಕಂತೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಣ್ಣ ಹೇಳಿದರು: “ಇನ್ನೊಬ್ಬರ ಹತ್ರ ಯಾಕೆ ಹೋಗಬೇಕು? ನಿನ್ನ ಕೈಯಲ್ಲೇ ಟೈಪ್ ಮಾಡ್ಕೊಂಡು ಬಾ. ಊರಿಗೆಲ್ಲ ಮಾಡಿಕೊಡ್ತೀಯ, ಮನೆಯವರಿಗೆ ಒಂದು ಪುಟ ಮಾಡೋಕಾಗಲ್ವಾ?”

ಒಂದೇ ಪುಟ. ಐದು ಅಂಶ. ಹತ್ತು ನಿಮಿಷದ ಕೆಲಸ.

ಮಾರ್ಚ್ ೭, ಶುಕ್ರವಾರ

ಮೇಷ್ಟ್ರ ಹೊಸ ಹಾಳೆಗಳು ಬಂದವು. ಮೇಲೆ ದಪ್ಪಕ್ಷರದಲ್ಲಿ ‘ಶಪಥ’ ಅಂತಿದೆ. ನಾನು ಅಂದೆ: “ಮೇಷ್ಟ್ರೇ, ಇದು ಬೈಗುಳದ ಪುಸ್ತಕ. ಶಪಥಕ್ಕೆ ಇಲ್ಲೇನು ಕೆಲಸ? ನನ್ನ ತಪ್ಪನ್ನೇ ನೀವೂ ಮಾಡ್ತಿದ್ದೀರಾ?”

“ಓದಿ ಹೊಡಿ, ಹೊಡೆದು ಓದಬೇಡ,” ಅಂತ ಗದರಿದರು.

ಓದಿದೆ. ಶಾಪ, ಶಪಥ ಎರಡೂ ‘ಶಪ್’ ಅನ್ನುವ ಒಂದೇ ಧಾತುವಿನಿಂದ ಹುಟ್ಟಿದ ಅಣ್ಣತಮ್ಮಂದಿರಂತೆ. ಹಳೆಯ ಕಾಲದಲ್ಲಿ ‘ಶಪಥ’ ಅಂದರೇ ಶಾಪ ಅನ್ನುವ ಅರ್ಥವೂ ಇತ್ತಂತೆ. ಬೇರೆಯವರ ಮೇಲೆ ಹಾಕಿದರೆ ಶಾಪ, ತನ್ನ ಮೇಲೆ ತಾನೇ ಹಾಕಿಕೊಂಡರೆ ಆಣೆ. ಕಾವ್ಯದಲ್ಲಿ ವೀರರು ಶಪಥ ಮಾಡುವಾಗ ಬರಿದೇ ‘ಮಾಡುತ್ತೇನೆ’ ಅನ್ನುವುದಿಲ್ಲ. ‘ಮಾಡದೇ ಹೋದರೆ ಇಂಥ ಪಾಪ ನನ್ನನ್ನು ತಟ್ಟಲಿ, ಇಂಥ ನರಕ ನನಗೆ ಬರಲಿ’ ಅಂತ ಸಾಲುಸಾಲು ಹೇಳುತ್ತಾರೆ. ಶಪಥದ ಜೀವ ಇರುವುದು ಆ ‘ಹೋದರೆ’ಯಲ್ಲಿ, ಅಂತ ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದಾರೆ.

ಅಲ್ಲಿಗೆ ಬಂದಾಗ ನನ್ನ ಬೆರಳು ನಿಂತಿತು.

ಎಂಟು ವರ್ಷದ ಹಿಂದೆ, ಅಮ್ಮ ಹೋಗುವ ಮುಂಚಿನ ದಿನ. ಆಸ್ಪತ್ರೆಯ ಮಂಚದ ಪಕ್ಕ ನಾನು ಕೂತಿದ್ದೆ. ಆ ತಿಂಗಳು ನಾನು ಉದ್ಯೋಗಸ್ಥ ಹೆಂಗಸರ ಹಾಸ್ಟೆಲಿನಲ್ಲಿ ಒಂದು ಕೋಣೆ ನೋಡಿ ಬಂದಿದ್ದೆ. ಅಣ್ಣ ಅದನ್ನು ಅಮ್ಮನ ಕಿವಿಗೆ ಹಾಕಿದ್ದರು. ಅಮ್ಮ ನನ್ನ ಬಲಗೈ ಹಿಡಿದು, “ಅವನಿಗೆ ಯಾರೂ ಇಲ್ಲ ಕಣೇ. ಅಣ್ಣನ ಕೈ ಬಿಡಲ್ಲ ಅಂತ ಹೇಳು,” ಅಂದಳು. ಹೇಳಿದೆ. “ಹಾಗಲ್ಲ. ಬಿಟ್ಟರೆ ನನ್ನ ಕೈ ಬಿದ್ದುಹೋಗಲಿ ಅನ್ನು.” ಟೈಪ್ ಮಾಡಿ ಬದುಕುವವಳ ಬಾಯಲ್ಲಿ ಅದನ್ನು ಹೇಳಿಸಿದಳು. ನಾನು ಹೇಳಿದೆ. ಸಾಯುವವರ ಎದುರು ಯಾರು ವಾದ ಮಾಡುತ್ತಾರೆ? ಹೊರಗೆ ಬಂದಾಗ ಅಣ್ಣ ಗಡಿಯಾರ ನೋಡಿಕೊಂಡು, “ಇಷ್ಟು ಹೊತ್ತಾ?” ಅಂದಿದ್ದರು.

ಅಮ್ಮನನ್ನು ನೆನೆದರೆ ಮೊದಲು ಅಳು ಬರುತ್ತಿತ್ತು. ಇವತ್ತು ಸಿಟ್ಟು ಬಂತು. ತಪ್ಪು, ತಪ್ಪು.

ಮಾರ್ಚ್ ೧೧, ಮಂಗಳವಾರ

ಅಣ್ಣನ ಪುಟ ಹೊಡೆಯಲು ಕೂತೆ. ಒಂದನೇ ಅಂಶ, ನಾನು ಇಂಥವಳು. ಎರಡನೇ ಅಂಶ, ಇಂಥ ಮನೆಯಲ್ಲಿ ವಾಸ. ಮೂರನೇ ಅಂಶ, ‘ಸದರಿ ದಿನ ಸದರಿ ಮಹಿಳೆಯು ತಾನಾಗಿಯೇ ಕಾಲು’ ಅನ್ನುವಲ್ಲಿಗೆ ಬಲಗೈ ಮರಗಟ್ಟಿತು. ಕಿರುಬೆರಳಿನಿಂದ ಶುರುವಾಗಿ ಮೊಣಕೈವರೆಗೆ. ಬಿಸಿನೀರಿನಲ್ಲಿ ಅದ್ದಿದೆ, ತಿಕ್ಕಿದೆ, ಕೊಡವಿದೆ. ಊಹೂಂ.

ಹೆದರಿಕೆಯಾಯಿತು, ನಿಜ ಹೇಳುತ್ತೇನೆ. ಕೈ ಬಿದ್ದುಹೋಗಲಿ ಅಂದಿದ್ದೆನಲ್ಲ. ಮನಸ್ಸಿನಲ್ಲೇ ಕೈ ಬಿಟ್ಟೆನೇನೋ, ಅದಕ್ಕೇ ಶಾಪ ಮುಂಗಡವಾಗಿ ಬಂತೇನೋ.

ಡಾಕ್ಟರು ಮಡಚಿ, ಎಳೆದು, ಚುಚ್ಚಿ ನೋಡಿ, “ನರ ಸರಿಯಾಗಿದೆ, ಮೂಳೆ ಸರಿಯಾಗಿದೆ. ಏನಾದರೂ ಚಿಂತೆ ಇದೆಯಾ?” ಅಂದರು. “ನನಗೇನು ಚಿಂತೆ, ಹಾಯಾಗಿದ್ದೀನಿ,” ಅಂದೆ.

ವಾಪಸ್ ಬಂದು ಮೇಷ್ಟ್ರ ಒಂಬತ್ತು ಪುಟ ಹೊಡೆದೆ. ನೋವಿರಲಿಲ್ಲ. ಹವೆ ಬದಲಾಗಿದ್ದರಿಂದ ಇರಬೇಕು. ಬೆಳಿಗ್ಗೆ ತಣ್ಣಗಿತ್ತು.

ಮಾರ್ಚ್ ೧೪, ಶುಕ್ರವಾರ

ಬೆಳಿಗ್ಗೆ ಮೆಟ್ಟಿಲಿನ ಬುಡದಲ್ಲಿ ಟೈಲರಮ್ಮ ಸಿಕ್ಕಿದರು. ಮೂರು ವಾರದಿಂದ ಅವರ ಬಾಗಿಲು ತೆರೆಯುವ ಸದ್ದು ಕೇಳಿದರೆ ನಾನು ಮೇಲೇ ನಿಂತುಬಿಡುತ್ತಿದ್ದೆ. ಇವತ್ತು ಸಿಕ್ಕಿಬಿದ್ದೆ. ಬಲಗೈ ಪಟ್ಟಿಯಲ್ಲಿ ತೂಗುತ್ತಿತ್ತು. ಎಡಗೈಯಲ್ಲಿ ನನ್ನ ಕೋಟು ಹಿಡಿದಿದ್ದರು. ಬೀಳುವ ಮುಂಚಿನ ವಾರ ಹೊಲಿಯಲು ಕೊಟ್ಟಿದ್ದೆ.

“ಗುಂಡಿ ಹಾಕೋದು ಬಾಕಿ ಇದೆ. ಎಡಗೈಯಲ್ಲಿ ಪ್ರಯತ್ನ ಮಾಡಿದೆ, ದಾರ ಪೋಣಿಸೋಕೇ ಆಗಲಿಲ್ಲ. ಬೇರೆ ಕಡೆ ಹಾಕಿಸ್ಕೊಳ್ಳಿ,” ಅಂದರು.

ನಾನು ಕೋಟು ತೆಗೆದುಕೊಂಡೆ. “ಕೈ ಹೇಗಿದೆ?” ಅಂತ ಕೇಳಿದೆ. ನಾಚಿಕೆಗೆಟ್ಟ ಪ್ರಶ್ನೆ.

“ಮೊದಲಿನ ಹಾಗಾಗಲ್ಲ ಅಂದ್ರು ಡಾಕ್ಟರು. ಕತ್ತರಿ ಹಿಡಿಯೋದು ಕಷ್ಟ ಅಂದ್ರು.” ಆಮೇಲೆ ನನ್ನ ಮುಖವನ್ನೇ ನೋಡಿ ಹೇಳಿದರು: “ನೀವು ಬಾಗಿಲಲ್ಲೇ ಇದ್ರಿ. ನಾನು ಬೀಳುವಾಗ ಕೊನೆಗೆ ಕಂಡಿದ್ದು ನಿಮ್ಮನ್ನೇ. ಏನು ನೋಡಿದ್ರಿ ಅಂತ ನಾನು ಕೇಳಲ್ಲ. ಯಾರೋ ಕೇಳಿದ್ರು ಅಂತ ಹೇಳೋ ಮಾತಲ್ಲ ಅದು.”

ಮೇಲಿನಿಂದ ಅಣ್ಣ ಕೂಗಿದರು: “ಎಂಟೂ ನಲವತ್ತೆರಡು!”

ಓಡಿದೆ. ಮುಂದಿನ ರಸ್ತೆವರೆಗೂ ಓಡಿದೆ. ಯಾರೂ ಅಟ್ಟಿಸಿಕೊಂಡು ಬರುತ್ತಿರಲಿಲ್ಲ.

ಮಾರ್ಚ್ ೧೫, ಶನಿವಾರ

ಮೂರನೇ ಅಂಶದಲ್ಲೇ ಇದ್ದೇನೆ. ಕೈ ಮತ್ತೆ ಹಿಡಿದುಕೊಂಡಿತು.

ಮಾರ್ಚ್ ೧೯, ಬುಧವಾರ

ಬರೆದುಬಿಡುತ್ತೇನೆ. ಕಾರ್ಬನ್ ಹಾಳೆಯ ಅಡಿ ಯಾರು ನೋಡುತ್ತಾರೆ.

ಆ ಭಾನುವಾರ ಬೆಳಿಗ್ಗೆಯಿಂದ ಟೈಲರಮ್ಮನ ಮಿಷನ್ನು ಓಡುತ್ತಿತ್ತು. ಯಾವುದೋ ಶಾಲೆಯ ನಲವತ್ತು ಸಮವಸ್ತ್ರ ಸೋಮವಾರಕ್ಕೆ ಕೊಡಬೇಕಿತ್ತಂತೆ. ಅಣ್ಣನಿಗೆ ರೇಡಿಯೋದ ವಾರ್ತೆ ಕೇಳಿಸುತ್ತಿರಲಿಲ್ಲ. ಎರಡು ಸಲ ನೆಲಕ್ಕೆ ಕೋಲು ಕುಟ್ಟಿದರು. ಮಿಷನ್ನು ನಿಲ್ಲಲಿಲ್ಲ. ಆಮೇಲೆ ಟೈಲರಮ್ಮನೇ ಮೇಲೆ ಹತ್ತಿ ಬಂದು, “ಇನ್ನೊಂದೇ ಗಂಟೆ, ದಯವಿಟ್ಟು,” ಅಂತ ಕೇಳಿಕೊಂಡರು. ಅಣ್ಣ ಬೈದರು. ಇಲ್ಲಿ ಬರೆಯಲಾಗದ ಮಾತು. ಮೇಷ್ಟ್ರ ಪುಸ್ತಕದಲ್ಲೂ ಇಲ್ಲ. ಟೈಲರಮ್ಮ ಸುಮ್ಮನೆ ತಿರುಗಿದರು, ಇಳಿಯಲು ಒಂದು ಕಾಲು ಮುಂದಿಟ್ಟಿದ್ದರು. ಬೆನ್ನು ನಮ್ಮ ಕಡೆ ಇತ್ತು.

ಅವನು ಎರಡೂ ಕೈಯಿಂದ ತಳ್ಳಿದ. ಬಾಗಿಲು ತಳ್ಳುವ ಹಾಗೆ.

ಅವರು ಬೀಳುತ್ತಾ ತಿರುಗಿದರು, ಕೈ ಚಾಚಿದರು. ನನ್ನ ಕಡೆಗೆ. ನಾನು ನಿಂತೇ ಇದ್ದೆ.

ಆಮೇಲೆ ಅವನು ಮಾಡಿದ್ದೇನು ಗೊತ್ತೇ? ಗಡಿಯಾರ ನೋಡಿಕೊಂಡ. “ಹನ್ನೊಂದೂ ನಲವತ್ತು,” ಅಂದ. ಅಭ್ಯಾಸಬಲ. ಒಳಗೆ ಬಂದು ರೇಡಿಯೋ ದೊಡ್ಡದು ಮಾಡಿ, “ನೀನು ಏನೂ ನೋಡಿಲ್ಲ,” ಅಂದ. ನಾನು “ಇಲ್ಲ” ಅಂದೆ. ಆಸ್ಪತ್ರೆಗೆ ಫೋನ್ ಮಾಡಿದವರು ಎದುರುಮನೆಯವರು.

ಇಷ್ಟನ್ನೂ ಒಂದೇ ಉಸಿರಿಗೆ ಬರೆದೆ. ಊಟದ ಹೊತ್ತು ಮುಗಿಯಿತು. ಡಬ್ಬಿ ತೆರೆದೇ ಇಲ್ಲ.

ಮಾರ್ಚ್ ೨೪, ಸೋಮವಾರ

ನಿನ್ನೆ ಬೆಳಗಿನಿಂದ ಸಂಜೆಯವರೆಗೆ ಬೀಗ. ತರಕಾರಿಗೂ ಬಿಡಲಿಲ್ಲ. ಪುಟ ಎಲ್ಲಿ ಅಂತ ಕೇಳಿದ, ಮುಗಿದಿಲ್ಲ ಅಂದೆ. “ಇಪ್ಪತ್ತು ದಿನ ಬೇಕಾ ಒಂದು ಪುಟಕ್ಕೆ? ನನ್ನ ಡಿಪೋದಲ್ಲಿ ಆಗಿದ್ರೆ ಮನೆಗೆ ಕಳಿಸ್ತಿದ್ದೆ,” ಅಂದ. ಮನೆಗೇ ಕಳಿಸುವುದಾದರೆ ನನಗೆ ಬೇರೆ ಶಿಕ್ಷೆ ಯಾಕೆ, ಅಂತ ಅನ್ನಿಸಿತು. ಅನ್ನಲಿಲ್ಲ.

ಮಧ್ಯಾಹ್ನ ಎದೆ ಹಿಡಿದುಕೊಂಡ. ಹಾಸ್ಟೆಲಿನ ಕೋಣೆ ನೋಡಿದ ವರ್ಷವೂ ಹೀಗೇ ಹಿಡಿದುಕೊಂಡಿದ್ದ. ಆಗ ನಾನು ಹೆದರಿದ್ದೆ. ಈ ಸಲ ಡಾಕ್ಟರಿಗೆ ಫೋನ್ ಮಾಡಲೇ ಅಂತ ಕೇಳಿದೆ, ಬೇಡ ಅಂದ. ಬೀಗದಕೈ ಕೊಡಿ, ನಾನೇ ಕರೆದುಕೊಂಡು ಬರುತ್ತೇನೆ ಅಂದೆ. ನೋವು ಇಳಿದುಬಿಟ್ಟಿತು. “ಅಮ್ಮನಿಗೆ ಏನು ಹೇಳಿದ್ದೀಯ ನೆನಪಿರಲಿ,” ಅಂತ ಗೋಡೆಯ ಕಡೆ ತಿರುಗಿ ಮಲಗಿದ.

ಕಿಟಕಿಯ ಸರಳಿಗೆ ಹಣೆ ಹಚ್ಚಿ ನಿಂತಿದ್ದೆ. ಕೆಳಗೆ ಮಿಷನ್ನಿನ ಸದ್ದಿಲ್ಲ. ಅದು ನಿಂತು ತಿಂಗಳಾಯಿತು. ವಾರ್ತೆ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಇವತ್ತು ಮೇಷ್ಟ್ರು ಕೊನೆಯ ಹಾಳೆಗಳನ್ನು ತಂದರು. ತಲೆಬರಹ ‘ಉಶ್ಶಾಪ’. ಶಾಪದ ಬಿಡುಗಡೆ. ಹಳೆಯ ಕತೆಗಳಲ್ಲಿ ‘ಕಲ್ಲಾಗು’ ಅಂತ ಶಪಿಸಿದವನೇ ಸಿಟ್ಟಿಳಿದ ಮೇಲೆ ‘ಇಂಥ ದಿನ ಮತ್ತೆ ಮನುಷ್ಯಳಾಗು’ ಅನ್ನುತ್ತಾನಲ್ಲ, ಅದು. ಮೇಷ್ಟ್ರು ಬರೆದಿದ್ದಾರೆ: ಶಾಪ ಬೀಗ, ಉಶ್ಶಾಪ ಬೀಗದಕೈ, ಒಳ್ಳೆಯ ಕವಿ ಬೀಗ ಮಾಡುವಾಗಲೇ ಬೀಗದಕೈಯನ್ನೂ ಮಾಡಿಟ್ಟಿರುತ್ತಾನೆ, ಆದರೆ ಶಾಪ ಕೊಟ್ಟವರ ಹೊರತು ಇನ್ನೊಬ್ಬರು ಉಶ್ಶಾಪ ಕೊಡಲಾರರು.

ಅವರ ಕಿವಿಯ ಹತ್ತಿರ ಹೋಗಿ ಜೋರಾಗಿ ಕೇಳಿದೆ: “ಕೊಟ್ಟವರು ಸತ್ತುಹೋಗಿದ್ದರೆ, ಮೇಷ್ಟ್ರೇ?”

“ಶಾಪ ಕೊಟ್ಟವರಾ?”

“ಶಾಪ ಅಲ್ಲ. ಶಪಥ. ಇನ್ನೊಬ್ಬರು ಹೇಳಿಸಿದ್ದು.”

ಮೇಷ್ಟ್ರು ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟರು. ಪಾಠ ಹೇಳುವ ದನಿ ಹೋಗಿ ಮಾಮೂಲಿ ದನಿ ಬಂತು. “ಹೇಳಿಸಿದವರು ಯಾರಾದರೂ ಆಗಲಿ, ಬಾಯಿ ಯಾರದ್ದು?”

“ನನ್ನದು.”

“ಹಾಗಾದ್ರೆ ಶಾಪ ಕೊಟ್ಟಿದ್ದು ನೀನೇ ಅಲ್ವೇನಮ್ಮಾ. ಸತ್ತವರನ್ನ ಯಾಕೆ ಎಬ್ಬಿಸ್ತೀಯ?” ಅಂತ ಕೊಡೆ ತೆಗೆದುಕೊಂಡು ಎದ್ದರು. ಬಾಗಿಲ ಹತ್ತಿರ ತಿರುಗಿ, “ನಾಲ್ಕನೇ ಪುಟದಲ್ಲಿ ಒಂದು ಅಡಿಟಿಪ್ಪಣಿ ಇದೆ, ಬಿಡಬೇಡ,” ಅಂದರು.

ಮಾರ್ಚ್ ೨೫, ಮಂಗಳವಾರ

ಹೊಡೆದೆ. ಬೆಳಿಗ್ಗೆ ಸಾಹೇಬರು ಬರುವ ಮುಂಚೆ, ಹೊಸ ಹಾಳೆ ಹಾಕಿ, ಮೊದಲಿನಿಂದ. ಐದಲ್ಲ, ಏಳು ಅಂಶ ಆಯಿತು. ಮೂರನೆಯದು: ‘ಸದರಿ ಮಹಿಳೆಯು ಬೆನ್ನು ತಿರುಗಿಸಿ ಇಳಿಯುತ್ತಿರುವಾಗ ನನ್ನ ಅಣ್ಣನು ಎರಡೂ ಕೈಗಳಿಂದ ತಳ್ಳಿದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ.’ ಏಳನೆಯದು: ‘ಆ ಸಮಯದಲ್ಲಿ ನಾನು ಸಹಾಯ ಮಾಡದೆ ನಿಂತಿದ್ದೆನು.’ ಅದನ್ನು ಯಾರೂ ಕೇಳಿರಲಿಲ್ಲ. ಬಿಡಲು ಮನಸ್ಸು ಬರಲಿಲ್ಲ.

ಸಾಹೇಬರು ಎರಡು ಸಲ ಓದಿದರು. ಸೀಲು ಒತ್ತುವುದೆಂದರೆ ಅವರಿಗೆ ಪ್ರಾಣ. ಇವತ್ತು ಕೈಯಲ್ಲಿ ಹಿಡಿದುಕೊಂಡೇ ಕೂತರು.

“ಯೋಚನೆ ಮಾಡಿದ್ದೀಯಾ? ಇದಾದ ಮೇಲೆ ಆ ಮನೆಯಲ್ಲಿ ಹೇಗಿರ್ತೀಯ?”

“ಈಗ ಹೇಗಿದ್ದೀನಿ ಅಂತ ಯಾವತ್ತಾದ್ರೂ ಕೇಳಿದ್ದೀರಾ ಸಾರ್?”

ಅವರ ಮುಖ ಸಣ್ಣಗಾಯಿತು. ಪಾಪ, ಒಳ್ಳೆಯವರು. ಹಾಗನ್ನಬಾರದಿತ್ತು.

“ಹೋಗಲಿ, ಅಕ್ಷರ ನೋಡ್ಕೊಂಡ್ಯಾ? ಶಾಪಗೀಪ ಇಲ್ಲ ತಾನೆ?”

“ಇದೆ ಸಾರ್. ಆದರೆ ಕಾಗುಣಿತ ಸರಿಯಾಗಿದೆ.”

ಎದ್ದುನಿಂತು ಬಾಯಿಬಿಟ್ಟು ಓದಬೇಕು. ಹತ್ತೊಂಬತ್ತು ವರ್ಷ ಬೇರೆಯವರು ಓದುವುದನ್ನು ಕೇಳಿದ್ದೇನೆ, ನಾನು ಓದಿದ್ದು ಇದೇ ಮೊದಲು. ನಾನು ಶಪಥಪೂರ್ವಕವಾಗಿ ಹೇಳುವುದೇನೆಂದರೆ. ಸಹಿ ಹಾಕಿದೆ. ಸಾಹೇಬರು ಸೀಲು ಒತ್ತಿದರು, ತಾವೇ ಕೋರ್ಟಿಗೆ ಕಳಿಸಿಕೊಟ್ಟರು.

ಕೈ ಮರಗಟ್ಟಿತೇ ಅಂತ ಆಮೇಲೆ ನೆನಪಾಯಿತು. ಹೊಡೆಯುವಾಗ ಅದರ ಕಡೆ ಗಮನವೇ ಇರಲಿಲ್ಲ.

ಮಾರ್ಚ್ ೨೬, ಬುಧವಾರ

ನಿನ್ನೆ ಆರೂ ಐವತ್ತಕ್ಕೆ ಮನೆಗೆ ಹೋದೆ. “ಅರ್ಧ ಗಂಟೆ ತಡ,” ಅಂದ. ಹೌದು ಅಂದೆ. ಬೀಗಕ್ಕೆ ಕೈ ಹಾಕಿದ. “ತಾಳಿ, ಹೊರಗಿಂದಲೇ ಹೇಳ್ತೀನಿ,” ಅಂದೆ. ಹೊಸಿಲಿನ ಆಚೆ ನಿಂತು ಏಳೂ ಅಂಶ ಹೇಳಿದೆ.

ಅವನು ಬೀಗ ಬಿಟ್ಟು ಕುರ್ಚಿಯಲ್ಲಿ ಕೂತ. ಆಮೇಲೆ ಕೇಳಿದ: “ನೀನೇ ತಳ್ಳಿದ್ದು ಅಂದ್ಯಾ? ನನಗೆ ‘ನೀನು’ ಅಂದ್ಯಾ?”

ಅಂದಿದ್ದೆನಂತೆ. ನನಗೆ ನೆನಪಿಲ್ಲ. ತಳ್ಳಿದ್ದಕ್ಕಿಂತ ಅದೇ ಅವನಿಗೆ ಹೆಚ್ಚು ನೋವಾಯಿತು.

ಆಮೇಲೆ ಶುರುವಾಯಿತು. ಮೇಷ್ಟ್ರು ಇದ್ದಿದ್ದರೆ ನೋಟು ಪುಸ್ತಕ ಸಾಲುತ್ತಿರಲಿಲ್ಲ. ಮನೆಹಾಳಿ, ಉಂಡ ಮನೆಗೆ ಎರಡು ಬಗೆದವಳು, ಅಮ್ಮನ ಆತ್ಮಕ್ಕೆ ಬೆಂಕಿ ಇಟ್ಟವಳು. ಕೊನೆಗೆ ಕುರ್ಚಿಯಿಂದ ಎದ್ದು, ತೋರುಬೆರಳು ಚಾಚಿ, “ನಿನ್ನ ಕೈ ಸೇದಿಹೋಗ! ಅಮ್ಮನ ಎದುರು ನೀನೇ ಆಡಿದ ಮಾತು, ಆ ಕೈ ಬಿದ್ದೇ ಹೋಗುತ್ತೆ, ನೋಡ್ತಿರು!” ಅಂದ. ಕಣ್ಣಲ್ಲಿ ನೀರಿತ್ತು. ಅವನಿಗೆ ನಿಜವಾಗಿಯೂ ಯಾರೂ ಇಲ್ಲ. ಅದು ಸುಳ್ಳಲ್ಲ. ಒಂದು ಹೆಜ್ಜೆ ಒಳಗಿಟ್ಟೆ.

ಅವನು ಗಡಿಯಾರ ನೋಡಿಕೊಂಡ.

ನಾನು ಕೆಳಗಿಳಿದೆ. ಟೈಲರಮ್ಮ ತಮ್ಮ ಬಾಗಿಲಲ್ಲೇ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿರಬೇಕು. “ಕತ್ತರಿಸೋ ಮೇಜಿನ ಪಕ್ಕ ಒಂದು ಮಂಚ ಇದೆ. ಅದರ ಮೇಲಿರೋ ಹೊಲಿಗೆ ಬಟ್ಟೆ ತೆಗೆದಿಟ್ಟರೆ ಮಲಗಬಹುದು,” ಅಂದರು.

ಮಾರ್ಚ್ ೨೮, ಶುಕ್ರವಾರ

ಇದನ್ನು ಟೈಲರಮ್ಮನ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಡೈರಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದುಬಿಟ್ಟಿದ್ದೇನೆ, ನನಗೇ ಗೊತ್ತಿಲ್ಲದೆ.

ಕೋರ್ಟಿನಲ್ಲಿ ಇವತ್ತು ನನ್ನ ಪುಟ ಓದಿದರಂತೆ. ಮುಂದಿನ ತಾರೀಖಿಗೆ ನನ್ನನ್ನು ಕರೆಯುತ್ತಾರಂತೆ. ಏನಾಗುತ್ತದೋ ಗೊತ್ತಿಲ್ಲ. ಕರೆದರೆ ಹೋಗುತ್ತೇನೆ, ಕೇಳಿದರೆ ಹೇಳುತ್ತೇನೆ.

ನಾಲ್ಕನೇ ಪುಟದ ಅಡಿಟಿಪ್ಪಣಿಯನ್ನು ಇವತ್ತು ಹೊಡೆದೆ. ‘ತನಗೆ ತಾನೇ ಕೊಟ್ಟುಕೊಂಡ ಉಶ್ಶಾಪಕ್ಕೆ ಹಳೆಯ ಕಾವ್ಯಗಳಲ್ಲಿ ಉದಾಹರಣೆ ನನಗೆ ದೊರೆತಿಲ್ಲ. ಬಲ್ಲವರು ತಿಳಿಸಬೇಕು.’ ಇಷ್ಟೇ.

ಸಂಜೆ ಕೋಟಿಗೆ ಗುಂಡಿ ಹಾಕಿದೆ. ದಾರ ಪೋಣಿಸಿದ್ದು ನಾನು, ಎಲ್ಲಿ ಚುಚ್ಚಬೇಕು ಅಂತ ಹೇಳಿದ್ದು ಅವರು. “ಇದೇನ್ರೀ, ಗುಂಡಿ ಹಾಕ್ತಿದ್ದೀರೋ ಗೂಟ ಹೊಡೀತಿದ್ದೀರೋ?” ಅಂತ ನಕ್ಕರು. ನನ್ನನ್ನು ಕಂಡು ಅವರು ನಕ್ಕಿದ್ದು ತಿಂಗಳಲ್ಲಿ ಇದೇ ಮೊದಲು. ನಾಳೆಯಿಂದ ಆಫೀಸು ಮುಗಿಸಿ ಬಂದು ಒಂದು ಗಂಟೆ ಮಿಷನ್ನು ಕಲಿಯಬೇಕು. ನಲವತ್ತರಲ್ಲಿ ಹನ್ನೆರಡು ಸಮವಸ್ತ್ರ ಇನ್ನೂ ಹಾಗೇ ಬಿದ್ದಿವೆ. ಅವರ ಮನೆಗೆ ಎರಡು ಬೀಗದಕೈ. ಒಂದನ್ನು ನನಗೆ ಕೊಟ್ಟಿದ್ದಾರೆ.

ಮೇಲೆ ಆರೂ ಇಪ್ಪತ್ತಕ್ಕೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಬೆಳಿಗ್ಗೆ ಅವನ ಬಾಗಿಲ ಮುಂದೆ ಊಟದ ಡಬ್ಬಿ ಇಟ್ಟಿದ್ದೆ, ಬಾಗಿಲು ತಟ್ಟದೆ. ಸಂಜೆ ನೋಡಿದರೆ ಖಾಲಿ ಡಬ್ಬಿ ಮೆಟ್ಟಿಲ ಮೇಲಿತ್ತು, ತೊಳೆದು. ತೊಳೆಯುವುದು ಅವನಿಗೆ ಗೊತ್ತಿದೆ ಅಂತ ನನಗೆ ಗೊತ್ತಿರಲಿಲ್ಲ.

ಆಫೀಸಿನಲ್ಲಿ ಇವತ್ತು ಹನ್ನೊಂದು ಪುಟ ಹೊಡೆದೆ. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿದೆ. ಐದೂ ಇವೆ.